ಟೈರ್ ಪಾಲಿಶ್ ಹಾಕಿದ್ಮೇಲೆ ಬಿಳಿ ಕಾರಿನ ಡೋರ್ ತುಂಬಾ ಕಂದು ಚುಕ್ಕಿ, ಪೇಂಟ್ ಹೋಗುತ್ತಾ?

ಹಾಸನದ_ಹುಡುಗ:
ಎಲ್ರಿಗೂ ನಮಸ್ಕಾರ. ಆಯುಧಪೂಜೆ ದಿನ ಬೆಳಗ್ಗೆ ಮನೆ ಮುಂದೇನೇ ಕಾರು ತೊಳ್ದು, ಪೂಜೆಗೆ ಇನ್ನೊಂದು ಹತ್ತು ನಿಮಿಷ ಇದೆ ಅನ್ನೋವಾಗ ನಾಲ್ಕೂ ಟೈರ್‌ಗೆ ಪಾಲಿಶ್ ಹೊಡ್ದೆ. ಸ್ಪ್ರೇ ಬಾಟ್ಲು, ಒಳಗಿರೋದು ನೋಡಕ್ಕೆ ನೀರಿನ ತರ ತಿಳಿ ಆದ್ರೆ ಮುಟ್ಟಿದ್ರೆ ಎಣ್ಣೆ ಎಣ್ಣೆ, ಪೆಟ್ರೋಲ್ ತರ ವಾಸನೆ. ಟೈರ್ ಒಳ್ಳೆ ಹೊಸದರ ತರ ಮಿಂಚ್ತಿತ್ತು, ಕುಂಬಳಕಾಯಿ ಒಡೆದು ನಿಂಬೆಹಣ್ಣು ಹತ್ತಿಸಿ ಹಾಗೇ ಸೀದಾ ಬೇಲೂರಿಗೆ ಅಕ್ಕನ ಮನೆಗೆ ಹೊರಟ್ವಿ. ಅಲ್ಲಿ ಇಳಿದು ನೋಡಿದ್ರೆ ಮುಂದಿನ ಚಕ್ರದ ಹಿಂದೆ, ಡೋರ್ ಕೆಳಭಾಗ, ಹಿಂದಿನ ಬಂಪರ್ ಎಲ್ಲಾ ಕಡೆ ಸಾಲಾಗಿ ಕಂದು ಚುಕ್ಕಿ. ಕೆಸರು ಅಂದ್ಕೊಂಡು ಒಣ ಬಟ್ಟೇಲಿ ಒರೆಸ್ದೆ, ಹೋಗೋ ಬದ್ಲು ಇಷ್ಟಗಲ ಹರಡ್ಕೊಳ್ತು, ಈಗ ಬಿಸಿಲಲ್ಲಿ ನೋಡಿದ್ರೆ ಸಣ್ಣ ಸಣ್ಣ ಗೀರೂ ಕಾಣ್ತಿದೆ.

ಶುಂಠಿ ಕೈ ಹಿಡಿದ ವರ್ಷ ಅಪ್ಪ ತಗೊಂಡ ಕಾರಿದು, ಮನೇಲಿ ಮೊದಲ್ನೇ ಕಾರು, ಅವರು ಏನೂ ಅನ್ಲಿಲ್ಲ ಆದ್ರೆ ಎರಡ್ ಸಲ ಹೋಗಿ ಆ ಡೋರ್ ಮುಟ್ಟಿ ನೋಡಿ ಬಂದ್ರು, ಅದೇ ನಂಗೆ ತಡ್ಕೊಳಕ್ಕೆ ಆಗ್ತಿಲ್ಲ. ಪಕ್ಕದ ಮನೆಯವ್ರು ಥಿನ್ನರ್ ಹಾಕಿ ಒರೆಸು ಅಂತಾರೆ, ಭಾವ ಸೀಮೆಎಣ್ಣೆ ಅಂತಾರೆ. ಯಾವ್ದೂ ಮಾಡಿಲ್ಲ ಇನ್ನೂ. ಇದನ್ನ ತೆಗೆಯೋದು ಹೇಗೆ, ಮುಂದೆ ಟೈರ್‌ಗೆ ಪಾಲಿಶೇ ಹಾಕ್ಬಾರ್ದಾ? ಗೊತ್ತಿರೋರು ದಯವಿಟ್ಟು ಹೇಳಿ.

ಗಿರಿ_ರಸ್ತೆ (ಚಿಕ್ಕಮಗಳೂರು):
ಥಿನ್ನರ್ ಬಾಟ್ಲಿ ಮುಚ್ಚಿ ಒಳಗಿಡಿ ಮೊದ್ಲು. ಅದನ್ನ ಹಾಕಿದ್ರೆ ಚುಕ್ಕಿ ಜೊತೆ ಪೇಂಟ್ ಮೇಲಿನ ಹೊಳಪೂ ಹೋಗುತ್ತೆ, ಪ್ಲಾಸ್ಟಿಕ್ ಬಂಪರ್ ಮೇಲಂತೂ ಇನ್ನೂ ಕೆಟ್ಟದು. ನೀವು ಕೇಳಿ ಆಮೇಲೆ ಮಾಡೋಣ ಅಂತ ನಿಂತಿದ್ದೇ ಒಳ್ಳೇದಾಯ್ತು.

ಏನಾಗಿದೆ ಅಂತ ಹೇಳ್ತೀನಿ. ನೀವು ಹಾಕಿರೋದು ಸಾಲ್ವೆಂಟ್ ಬೇಸ್ ಪಾಲಿಶ್, ಅಂದ್ರೆ ಪೆಟ್ರೋಲಿಯಂ ದ್ರಾವಕದಲ್ಲಿ ಸಿಲಿಕೋನ್ ಎಣ್ಣೆ ಕರಗಿಸಿರೋದು. ಆ ದ್ರಾವಕ ಆರಿ ಹೋಗ್ಬೇಕು, ಸಿಲಿಕೋನ್ ಮಾತ್ರ ಟೈರ್ ಮೇಲೆ ಉಳೀಬೇಕು. ಹತ್ತು ನಿಮಿಷಕ್ಕೆ ಗಾಡಿ ತೆಗೆದ್ರೆ ಇನ್ನೂ ಹಸಿ, ಬೇಲೂರು ರಸ್ತೇಲಿ ಅರವತ್ತು ಎಪ್ಪತ್ತರಲ್ಲಿ ಹೋದ್ರೆ ತಿರುಗೋ ಟೈರ್ ಅದನ್ನ ಚಿಮ್ಮಿಸಿ ಬಿಸಾಕುತ್ತೆ, ಅದಕ್ಕೇ ಚುಕ್ಕಿ ಸಾಲಾಗಿ ಚಕ್ರದ ಹಿಂದೇನೇ ಇರೋದು, ಬಾನೆಟ್ ಮೇಲೆ ಒಂದೂ ಇರಲ್ಲ ನೋಡಿ.

ಈಗ ಕಂದು ಬಣ್ಣ ಯಾಕೆ ಅಂದ್ರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ, ಪಾಲಿಶ್ ಬಣ್ಣ ಅಲ್ಲ ಅದು. ಟೈರ್ ರಬ್ಬರ್ ಒಳಗೆ ಕಂಪನಿಯವ್ರೇ ಒಂದು ಕೆಮಿಕಲ್ ಸೇರಿಸಿರ್ತಾರೆ, ಆಂಟಿ ಓಜೋನೆಂಟ್ ಅಂತ, ಗಾಳಿಲಿರೋ ಓಜೋನ್ ತಾಗಿ ರಬ್ಬರ್ ಬಿರುಕು ಬಿಡದೇ ಇರ್ಲಿ ಅಂತ. ಟೈರ್ ಓಡಿ ಓಡಿ ಬಿಸಿಯಾಗಿ ಬಾಗಿ ಎದ್ದಾಗೆಲ್ಲಾ ಅದು ನಿಧಾನಕ್ಕೆ ಮೇಲಕ್ಕೆ ಬಂದು ಗಾಳಿ ತಾಗಿ ಕಂದಾಗುತ್ತೆ. ಹಳೇ ಟೈರ್ ಪಕ್ಕ ಒಂಥರಾ ಮಣ್ಣು ಬಣ್ಣಕ್ಕೆ ತಿರುಗಿರುತ್ತಲ್ಲ, ಅದೇ. ಅದರ ಮೇಲೆ ಬ್ರೇಕ್ ಡಸ್ಟು, ರೋಡಿನ ಟಾರು, ನಮ್ಮ ಕೆಮ್ಮಣ್ಣು. ಇದನ್ನೆಲ್ಲಾ ತೆಗೀದೇ ಮೇಲೆ ಪಾಲಿಶ್ ಹಾಕಿದ್ರೆ ಎಲ್ಲಾ ಕಲಸಿ ಒಂದು ಅಂಟು ಆಗುತ್ತೆ, ಹಾರಿ ಬಂದು ಡೋರ್‌ಗೆ ಕೂತಿರೋದು ಆ ಅಂಟು. ಅದರಲ್ಲಿ ಮಣ್ಣಿನ ಕಣ ಇರೋದ್ರಿಂದ ಒಣ ಬಟ್ಟೇಲಿ ಉಜ್ಜಿದಾಗ ಗೀರು ಬಿತ್ತು.

ತೆಗೆಯೋದು ಹೀಗೆ. ನೆರಳಲ್ಲಿ ನಿಲ್ಸಿ, ಬಾಡಿ ತಣ್ಣಗಿರ್ಬೇಕು. ಮೊದ್ಲು ಬರೀ ನೀರು ಜೋರಾಗಿ ಬಿಟ್ಟು ಮಣ್ಣು ಇಳಿಸಿ, ಆಮೇಲೆ ಕಾರ್ ಶಾಂಪೂಲಿ ತೊಳೀರಿ, ಪಾತ್ರೆ ಸೋಪು ಬೇಡ. ಅರ್ಧ ಅಲ್ಲೇ ಹೋಗುತ್ತೆ. ಉಳಿದಿದ್ದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಸೇರಿಸಿ ಮೈಕ್ರೋಫೈಬರ್ ಬಟ್ಟೆಗೆ ಹಾಕಿ ಆ ಜಾಗದ ಮೇಲೆ ಅರ್ಧ ನಿಮಿಷ ಸುಮ್ನೆ ಒತ್ತಿ ಹಿಡೀರಿ, ಆಮೇಲೆ ಒಂದೇ ದಿಕ್ಕಿಗೆ ಎಳೀರಿ, ಪ್ರತಿ ಸಲ ಬಟ್ಟೆ ಮಡಿಕೆ ಬದಲಾಯಿಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತೆ, ಇನ್ನೊಂದು ಪದರ ಕೂರುತ್ತೆ ಅಷ್ಟೆ. ಅದಕ್ಕೂ ಬಗ್ಗದಿದ್ರೆ ಟಾರ್ ರಿಮೂವರ್, ಡೋರ್‌ನ ಯಾವ್ದಾದ್ರೂ ಮೂಲೇಲಿ ಮೊದ್ಲು ಹಚ್ಚಿ ನೋಡಿ, ಹಚ್ಚಿ ಒಂದು ನಿಮಿಷಕ್ಕೆ ಒರೆಸಿ ಮತ್ತೆ ಶಾಂಪೂ ನೀರಲ್ಲಿ ತೊಳೀರಿ, ಬಿಟ್ಟು ಟೀ ಕುಡಿಯಕ್ಕೆ ಹೋಗ್ಬೇಡಿ. ಬೇಗ ಮಾಡಿ ಅಷ್ಟೇ ನನ್ನ ಮಾತು, ವಾರಗಟ್ಟಲೆ ಬಿಸಿಲಲ್ಲಿ ಬಿಟ್ರೆ ಬಿಳಿ ಬಣ್ಣದಲ್ಲಿ ಹಳದಿ ಕಲೆ ಉಳ್ಕೊಳುತ್ತೆ.

ಬಣ್ಣದ_ಶೆಡ್ (ಹಾಸನ):
ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಹದಿನೆಂಟು ವರ್ಷದಿಂದ ಗಾಡಿಗೆ ಬಣ್ಣ ಹೊಡೀತಿದೀನಿ, ನನ್ ಕಡೆಯಿಂದ ಒಂದೆರಡು ಸೇರಿಸ್ತೀನಿ.

ಸಿಲಿಕೋನ್ ಅಂದ್ರೆ ನಮ್ಮ ಕೆಲಸಕ್ಕೆ ಶತ್ರು. ಗಾಡಿ ಉಜ್ಜಿಸ್ಕೊಂಡು ಬಂದಾಗ ಕೆಳಗಿನ ಪ್ಯಾನಲ್‌ಗೆ ಟೈರ್ ಪಾಲಿಶ್ ಸಿಡಿದಿದ್ರೆ, ಕಣ್ಣಿಗೆ ಕಾಣಲ್ಲ, ಸರಿಯಾಗಿ ಕ್ಲೀನ್ ಮಾಡ್ದೆ ಹೊಸ ಬಣ್ಣ ಹೊಡೆದ್ರೆ ಬಣ್ಣ ಅಲ್ಲಿ ನಿಲ್ಲಲ್ಲ, ಗುಂಡಗೆ ತೂತು ತೂತಾಗಿ ಸರ್ಕೊಳುತ್ತೆ, ಮೀನಿನ ಕಣ್ಣು ಅಂತೀವಿ. ಪೂರ್ತಿ ಕೆರೆದು ಮತ್ತೆ ಮೊದ್ಲಿಂದ. ಅದಕ್ಕೆ ಗಾಡಿ ಪೇಂಟಿಂಗಿಗೆ ಬಿಡೋ ಯೋಚ್ನೆ ಇದ್ರೆ ಅದಕ್ಕೆ ಮುಂಚೆ ಟೈರ್ ಪಾಲಿಶ್ ಹಾಕಿದ್ದೀವಿ ಅಂತ ಒಂದು ಮಾತು ಹೇಳಿ, ನಾವು ಡಿಗ್ರೀಸ್ ಮಾಡ್ಕೊಳ್ತೀವಿ.

ಗೀರಿನ ವಿಷಯ. ಕಂಪನಿ ಪೇಂಟ್ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅದರಲ್ಲಿ ಮೇಲಿನ ಕ್ಲಿಯರ್ ಕೋಟ್, ಅಂದ್ರೆ ಬಣ್ಣ ಇಲ್ಲದ ಪಾರದರ್ಶಕ ಪದರ, 40-50 ಇರುತ್ತೆ, ನಿಮ್ಮ ತಲೆಕೂದಲು ಅದಕ್ಕಿಂತ ದಪ್ಪ. ಕೆಲವು ಸಾದಾ ಬಿಳಿ ಗಾಡಿಗೆ ಬೇರೆ ಕ್ಲಿಯರ್ ಕೋಟೇ ಇರಲ್ಲ. ಅದಕ್ಕೆ ಸಿಕ್ಕಿದ ಕಡೆ ಮೆಷಿನ್ ಬಫಿಂಗ್ ಮಾಡಿಸ್ಬೇಡಿ, ಪ್ರತಿ ಸಲ ಒಂದಿಷ್ಟು ಪದರ ತೆಗ್ದೇ ಹೊಳಪು ಬರೋದು. ಗೀರಿನ ಮೇಲೆ ಉಗುರು ಆಡಿಸಿ ನೋಡಿ, ಉಗುರಿಗೆ ತಡೆದ್ರೆ ಆಳ ಇದೆ, ತಡೀದಿದ್ರೆ ಕೈಯಲ್ಲೇ ಸಣ್ಣ ಪಾಲಿಶ್ ಹಾಕಿ ಮುಗಿಸಬಹುದು. ನಿಮ್ದು ತಡೆಯಲ್ಲ ಅಂತ ನನ್ನ ಅಂದಾಜು.

ಹಾಸನದ_ಹುಡುಗ:
ಇಬ್ರಿಗೂ ತುಂಬಾ ಥ್ಯಾಂಕ್ಸ್ ಅಣ್ಣ. ಉಗುರು ಆಡಿಸಿ ನೋಡ್ದೆ, ತಡೀತಿಲ್ಲ. ಸ್ವಲ್ಪ ಸಮಾಧಾನ ಆಯ್ತು. ನಾಳೆ ಬೆಳಗ್ಗೆ ತೊಳೀತೀನಿ. ಆದ್ರೆ ಮುಂದಕ್ಕೆ ಹಾಕೋದು ಹೇಗೆ ಅಂತ ಒಂದ್ಸಲ ಹೇಳ್ಬಿಡಿ, ಅಪ್ಪಂಗೆ ಕಪ್ಪಗೆ ಹೊಳೆಯೋ ಟೈರ್ ಅಂದ್ರೆ ಇಷ್ಟ.

ಗಿರಿ_ರಸ್ತೆ (ಚಿಕ್ಕಮಗಳೂರು):
ಹಾಲಿನ ತರ ಬೆಳ್ಳಗಿರೋ ಪಾಲಿಶ್ ತಗೊಳಿ, ಅದು ಸಾಮಾನ್ಯವಾಗಿ ವಾಟರ್ ಬೇಸ್. ಹೊಳಪು ಒಂಚೂರು ಕಮ್ಮಿ, ಹೊಸ ಟೈರ್ ಅಂಗಡಿಲಿ ಇರುತ್ತಲ್ಲ ಆ ಕಪ್ಪು ಬರುತ್ತೆ, ನಂಗೆ ಅದೇ ಚೆಂದ. ಎಣ್ಣೆ ಸುರಿದಂಗೆ ಫಳಫಳ ಬೇಕು ಅಂದ್ರೆ ಮಾತ್ರ ಸಾಲ್ವೆಂಟ್.

ಆದ್ರೆ ಯಾವ ಬಾಟ್ಲಿ ಅನ್ನೋದಕ್ಕಿಂತ ಟೈರ್ ತೊಳೆಯೋದು ಮುಖ್ಯ, ಅಲ್ಲೇ ಎಲ್ಲರೂ ಅವಸರ ಮಾಡೋದು. ಆಲ್ ಪರ್ಪಸ್ ಕ್ಲೀನರ್ ಒಂದಕ್ಕೆ ನಾಲ್ಕು ನೀರು ಹಾಕಿ, ಗಟ್ಟಿ ಬ್ರಶ್ಶಲ್ಲಿ ಟೈರ್ ಪಕ್ಕ ಉಜ್ಜಿ, ಮೊದಲ್ನೇ ಸಲ ನೊರೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತೆ. ತೊಳೆದು ಮತ್ತೆ ಉಜ್ಜಿ. ನೊರೆ ಬೆಳ್ಳಗೆ ಬರೋವರೆಗೂ ಬಿಡ್ಬೇಡಿ, ನನ್ನ ಗಾಡಿಗೆ ಮೊದಲ್ನೇ ಸಲ ನಾಲ್ಕು ಸುತ್ತು ಬೇಕಾಯ್ತು, ಈಗ ಒಂದರಲ್ಲಿ ಮುಗಿಯುತ್ತೆ. ಟೈರ್ ತೊಳ್ದ ಮೇಲೆ ಬಾಡಿ ತೊಳೀರಿ, ಉಲ್ಟಾ ಮಾಡಿದ್ರೆ ಆ ಕಂದು ನೀರು ತೊಳೆದ ಬಾಡಿಗೇ ಹಾರುತ್ತೆ, ಬಕೆಟ್ ಬಟ್ಟೆ ಎರಡೂ ಬೇರೆ ಬೇರೆ ಇರ್ಲಿ.

ಆಮೇಲೆ ಒಣಗಿಸಿ, ಪೂರ್ತಿ. ನಮ್ಮೂರ ಚಳಿಗೆ ಮಂಜಿಗೆ ತಾನಾಗೇ ಒಣಗಲಿ ಅಂತ ಬಿಟ್ರೆ ಮಧ್ಯಾಹ್ನ ಆಗುತ್ತೆ, ಅಕ್ಷರ ಇರೋ ಸಂದಿಲೆಲ್ಲಾ ನೀರು ನಿಂತಿರುತ್ತೆ, ಹಳೇ ಟವೆಲ್ ತಗೊಂಡು ಒರೆಸಿ. ಟೈರ್ ಕಡೆ ನೇರ ಸ್ಪ್ರೇ ಹೊಡೀಬೇಡಿ, ಅರ್ಧ ರಿಮ್ಮಿಗೂ ಬ್ರೇಕ್ ಡಿಸ್ಕಿಗೂ ಹೋಗುತ್ತೆ. ಸ್ಪಾಂಜ್ ಮೇಲೆ ಹಾಕ್ಕೊಂಡು ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ, ಒಂದು ಒಣ ಬಟ್ಟೇಲಿ ಟೈರ್ ಸುತ್ತಾ ಒರೆಸಿ, ಬಟ್ಟೆಗೆ ಎಷ್ಟು ಬರುತ್ತೆ ನೋಡಿ, ಅದಷ್ಟೂ ನಿಮ್ಮ ಡೋರ್ ಮೇಲೆ ಕೂರ್ಬೇಕಾಗಿದ್ದು. ಆಮೇಲೆ ಗಾಡಿ ಒಂದು ಗಂಟೆ ತೆಗೀಬೇಡಿ, ನಾನು ರಾತ್ರಿ ಹಚ್ಚಿ ಬೆಳಗ್ಗೆ ತೆಗೀತೀನಿ.

ಬಣ್ಣದ_ಶೆಡ್ (ಹಾಸನ):
ನೆಲಕ್ಕೆ ತಾಗೋ ಭಾಗಕ್ಕೆ ಮಾತ್ರ ಯಾವತ್ತೂ ಹಚ್ಬೇಡಿ. ಬೈಕ್ ಟೈರ್‌ಗೆ ಅಂತೂ ಮುಟ್ಟಿಸ್ಲೂಬೇಡಿ, ತಿರುವಲ್ಲಿ ಬೈಕ್ ವಾಲೋದು ಟೈರಿನ ಅಂಚಿನ ಮೇಲೆ, ಅಲ್ಲಿ ಸಿಲಿಕೋನ್ ಇದ್ರೆ ಜಾರುತ್ತೆ. ಹಬ್ಬದ ದಿನ ಮನೇಲಿರೋ ಎಲ್ಲಾ ಗಾಡಿಗೂ ಅಂತ ಹುಡುಗ್ರು ಸ್ಕೂಟರ್‌ಗೂ ಹೊಡೆದು ಬಿಡ್ತಾರೆ, ನೋಡಿದ್ರೆ ಎದೆ ಝಲ್ ಅನ್ನುತ್ತೆ.

ಮೂಡಿಗೆರೆ_ಜೀಪು:
ಒಂದು ಮಾತು ನಂದೂ. ಜೂನಿಂದ ಸೆಪ್ಟೆಂಬರ್ ತನಕ ಮಲ್ನಾಡಲ್ಲಿ ಇರೋರು ಪಾಲಿಶ್ ಆಸೆ ಬಿಟ್ಬಿಡಿ. ವಾಟರ್ ಬೇಸು ಒಂದು ಮಳೆಗೆ ತೊಳ್ಕೊಂಡು ಹೋಗುತ್ತೆ, ಸಾಲ್ವೆಂಟ್ ಹಾಕಿದ್ರೆ ತೋಟದ ಮಣ್ಣೆಲ್ಲಾ ಅಂಟ್ಕೊಂಡು ಚಾರ್ಮಾಡಿ ಇಳಿಯೋಷ್ಟರಲ್ಲಿ ಗಾಡಿ ಪಕ್ಕ ಪೂರ್ತಿ ಕೆಂಪು. ಆ ಟೈಮಲ್ಲಿ ಮಡ್ ಫ್ಲಾಪ್ ಸರಿ ಇದೆಯಾ ನೋಡ್ಕೊಳಿ ಸಾಕು.

ಮತ್ತೆ ವಾಟರ್ ಸರ್ವಿಸಿಗೆ ಬಿಡೋರು ದಯವಿಟ್ಟು ಪಕ್ಕದಲ್ಲೇ ನಿಂತ್ಕೊಳಿ. ಒಂದು ಕಡೆ ನಾನು ಬಿಟ್ಟಿದ್ದೆ, ಕೊನೇಲಿ ಟೈರ್‌ಗೆ ಬಾಡಿ ಕೆಳಕ್ಕೆಲ್ಲಾ ಡೀಸೆಲ್ ಸ್ಪ್ರೇ ಹೊಡೆದು ಕೊಟ್ರು, ಎರಡು ದಿನ ಕಪ್ಪಗೆ ಚೆನ್ನಾಗೇ ಕಾಣ್ತು. ಡೀಸೆಲ್ ರಬ್ಬರನ್ನ ಉಬ್ಬಿಸಿ ಮೆತ್ತಗೆ ಮಾಡುತ್ತೆ, ಟೈರ್ ಒಂದೇ ಅಲ್ಲ, ಗಾಡಿ ಕೆಳಗಡೆ ಇರೋ ರಬ್ಬರ್ ಬುಷ್ಷು ಬೂಟು ಎಲ್ಲದಕ್ಕೂ ಅದೇ ಗತಿ. ನನ್ ಜೀಪಿಂದು ಸಸ್ಪೆನ್ಶನ್ ಬುಷ್ ಬೇಗ ಹೋಯ್ತು, ಅದರಿಂದಾನೇ ಅಂತ ಗಟ್ಟಿಯಾಗಿ ಹೇಳಲ್ಲ ಆದ್ರೆ ಅವತ್ತಿಂದ ಯಾರಿಗೂ ಡೀಸೆಲ್ ಹೊಡಿಯಕ್ಕೆ ಬಿಟ್ಟಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಕ್ಕೆ ಹೋದಾಗ ಟೈರ್ ತುಂಬಾ ಮಿಂಚ್ತಿದ್ರೆ ಒರೆಸಿ ನೋಡಿ, ಸಣ್ಣ ಬಿರುಕೆಲ್ಲಾ ಪಾಲಿಶ್ ಮುಚ್ಚಿರುತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ರೆ 2019ನೇ ಇಸ್ವಿ 23ನೇ ವಾರ ತಯಾರಾಗಿದ್ದು.

ಹಾಸನದ_ಹುಡುಗ:
ಇವತ್ತು ಬೆಳಗ್ಗೆ ಕೂತು ಮಾಡ್ದೆ. ಶಾಂಪೂಗೇ ಮುಕ್ಕಾಲು ಪಾಲು ಹೋಯ್ತು, ಉಳಿದಿದ್ದು ಆಲ್ಕೋಹಾಲ್ ಒತ್ತಿ ಹಿಡಿದಾಗ ಬಿಡ್ತು, ಬಂಪರ್ ಸಂದೀಲಿ ಐದಾರು ಚುಕ್ಕಿಗೆ ಮಾತ್ರ ಟಾರ್ ರಿಮೂವರ್ ಬೇಕಾಯ್ತು. ಗೀರು ಇನ್ನೂ ಇದೆ, ಬಿಸಿಲಿಗೆ ಓರೆಯಾಗಿ ನೋಡಿದ್ರೆ ಕಾಣುತ್ತೆ, ಭಾನುವಾರ ಕೈಯಲ್ಲೇ ಪಾಲಿಶ್ ಹಾಕ್ತೀನಿ. ಆ ಟೈರ್‌ನೂ ಉಜ್ಜಿದೆ, ಅಣ್ಣ ಹೇಳಿದ್ದು ನಿಜ, ಡಿಕಾಕ್ಷನ್ನೇ, ಮೂರನೇ ಸುತ್ತಿಗೆ ನೊರೆ ಬೆಳ್ಳಗಾಯ್ತು. ಅಪ್ಪ ಪೈಪ್ ಹಿಡ್ಕೊಂಡು ನಿಂತಿದ್ರು, ಪಾಲಿಶ್ ಇಲ್ದೇನೇ ಕಪ್ಪಗಿದೆಯಲ್ಲೋ ಅಂದ್ರು. ಹೌದು, ಬರೀ ತೊಳೆದಿದ್ದಕ್ಕೇ ಅಷ್ಟು ಕಪ್ಪು ಬಂದಿದೆ, ಸದ್ಯಕ್ಕೆ ಹಾಗೇ ಬಿಟ್ಟಿದೀನಿ. ಬಣ್ಣದ ಅಣ್ಣ ಬರೆದಿದ್ದು ಓದಿದಾಗ ನೆನಪಾಯ್ತು, ಬೈಕ್ ಟೈರ್‌ಗೂ ಅವತ್ತು ನಾನು ಹೊಡ್ದಿದ್ದೆ, ಈಗ ಅದನ್ನ ತೊಳಿಯಕ್ಕೆ ಹೋಗ್ತಿದೀನಿ.