ಜೈಂಟ್ಸ್ ಬೆಂಚ್ ಆಟಗಾರರ ಹೆಸರು ನಿಮಗೆ ಹೇಗೆ ನೆನಪಿರುತ್ತದೆ?

ಪ್ರಶ್ನೆ: ಬೇ ಏರಿಯಾಗೆ ಬಂದ ಮೇಲೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ನಮ್ಮ ತಂಡ. ಪೋಸಿ, ಬಮ್‌ಗಾರ್ನರ್, ಲಿನ್ಸಿಕಮ್ ಥರದ ಸ್ಟಾರ್‌ಗಳೆಲ್ಲ ಗೊತ್ತು. ಆದರೆ ಆಫೀಸಿನಲ್ಲಿ ಹಳೇ ಅಭಿಮಾನಿಗಳು ತಂಡ ಚಾಂಪಿಯನ್ ಆದ ವರ್ಷಗಳ ಬೆಂಚ್ ಆಟಗಾರರ (ಬದಲಿ ಆಟಗಾರರ) ಮಾತೆತ್ತಿದರೆ ಸುಮ್ನೆ ತಲೆಯಾಡಿಸುತ್ತೇನೆ. ಪಟ್ಟಿ ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ನೀವೇನು ಮಾಡುತ್ತೀರಿ?

ಉತ್ತರ: ಪಟ್ಟಿ ಬಿಡಿ. ಆತ ಅವತ್ತು ಯಾರ ಜಾಗಕ್ಕೆ ಬಂದ, ಯಾಕೆ ಬಂದ, ಅದನ್ನು ಹಿಡಿದುಕೊಳ್ಳಿ. ಹೆಸರು ಹಿಂದೆಯೇ ಬರುತ್ತದೆ. ಟ್ರಾವಿಸ್ ಇಶಿಕಾವಾನನ್ನೇ ನೋಡಿ. ಮೂಲತಃ ಫಸ್ಟ್ ಬೇಸ್ ಆಟಗಾರ. 2014ರ ಸೀಸನ್ ಶುರುವಾದಾಗ ಪಿಟ್ಸ್‌ಬರ್ಗ್ ತಂಡದಲ್ಲಿದ್ದ, ಅವರು ಕೈಬಿಟ್ಟರು, ಜೈಂಟ್ಸ್‌ನವರು ಮೈನರ್ ಲೀಗ್ (ಕೆಳಹಂತದ ಲೀಗ್) ಒಪ್ಪಂದ ಕೊಟ್ಟು ವಾಪಸ್ ಕರೆಸಿಕೊಂಡರು. ಆಮೇಲೆ ಲೆಫ್ಟ್ ಫೀಲ್ಡಿನ ಮೈಕಲ್ ಮೋರ್ಸ್‌ಗೆ ಪೆಟ್ಟಾಗಿ, ಪ್ಲೇಆಫ್ ಹೊತ್ತಿಗೆ ಇವನನ್ನು ಲೆಫ್ಟ್ ಫೀಲ್ಡಿನಲ್ಲಿ ನಿಲ್ಲಿಸಿದರು. ಅಷ್ಟೇನೂ ಅಭ್ಯಾಸವಿಲ್ಲದ ಜಾಗ! ಅಕ್ಟೋಬರ್ 16, ಕಾರ್ಡಿನಲ್ಸ್ ವಿರುದ್ಧದ ಪ್ಲೇಆಫ್ ಸರಣಿಯ ಐದನೇ ಪಂದ್ಯ. ಮೇಲೆ ಹೋದ ಒಂದು ಚೆಂಡಿನ ಅಂದಾಜು ತಪ್ಪಿ ರನ್ ಬಿಟ್ಟುಕೊಟ್ಟ. ಎಂಟನೇ ಇನಿಂಗ್ಸ್‌ನಲ್ಲಿ ಅದೇ ಮೋರ್ಸ್ ಪಿಂಚ್ ಹಿಟ್ಟರ್ ಆಗಿ (ಬೇರೊಬ್ಬನ ಬದಲು ಬ್ಯಾಟ್ ಮಾಡಲು) ಬಂದು ಹೋಮ್ ರನ್ ಹೊಡೆದು 3-3 ಮಾಡಿದ. ಒಂಬತ್ತರಲ್ಲಿ ಇಶಿಕಾವಾ ಎದುರಾಳಿ ಪಿಚರ್ (ಚೆಂಡೆಸೆಯುವವ) ವಾಕಾನ ಚೆಂಡನ್ನು ರೈಟ್ ಫೀಲ್ಡ್ ಗೋಡೆಯಾಚೆ ಕಳಿಸಿದ. ಮೂರು ರನ್, 6-3, ತಂಡ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ಗೆ. ಇಷ್ಟು ಗೊತ್ತಾದ ಮೇಲೆ ಈ ಹೆಸರು ಮರೆಯಿರಿ ನೋಡೋಣ.

ಉತ್ತರ: ನಾನು ಬ್ಯಾಕಪ್ ಕ್ಯಾಚರ್‌ಗಳಿಂದ ಶುರು ಮಾಡಿದೆ. ಕ್ಯಾಚರ್ ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು. ಮಂಡಿ ಬಗ್ಗಿಸಿ ಕೂರುವ ಕೆಲಸ, ಸೀಸನ್ನಿನ 162 ಪಂದ್ಯ ಒಬ್ಬನೇ ಆಡಲು ಆಗುವುದಿಲ್ಲ. ಎರಡನೆಯವನಿಗೆ ಅವಕಾಶ ಸಿಕ್ಕೇ ಸಿಗುತ್ತದೆ. 2009ರ ಜುಲೈ 10ರಂದು ಜೊನಾಥನ್ ಸಾಂಚೆಜ್ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದಾಗ ಕ್ಯಾಚರ್ ಈಲೈ ವೈಟ್‌ಸೈಡ್. 2014ರಲ್ಲಿ ಲಿನ್ಸಿಕಮ್‌ನ ಎರಡನೇ ನೋ-ಹಿಟ್ಟರ್‌ಗೆ ಹೆಕ್ಟರ್ ಸಾಂಚೆಜ್, ಮೊದಲ ಕ್ಯಾಚರ್ ಪೋಸಿ ಅಲ್ಲ. ಎರಡೂ ಪಾಡ್ರೇಸ್ ತಂಡದ ಮೇಲೆ, ಪಾಪ.

ಉತ್ತರ: 2012ಕ್ಕೆ ಎರಡು ಹೆಸರು ಸಾಕು. ಪಿಚರ್ ಮ್ಯಾಟ್ ಕೇನ್ ಪರ್ಫೆಕ್ಟ್ ಗೇಮ್‌ನ (ಎದುರಾಳಿ ಒಬ್ಬನೂ ಬೇಸ್ ತಲುಪದ ಪಂದ್ಯದ) ಕೊನೆಯ ಔಟ್ ಮಾಡಿದ್ದು ವಾಕೀನ್ ಆರಿಯಾಸ್, ಥರ್ಡ್ ಬೇಸ್ ಹಿಂದಿನಿಂದ ಎಸೆದು. ಇನ್ನೊಬ್ಬ ರಯಾನ್ ತೆರಿಯೊ. ಸೀಸನ್ ಮಧ್ಯೆ ಸ್ಕುಟಾರೊ ಬಂದು ಇವನ ಸೆಕೆಂಡ್ ಬೇಸ್ ಜಾಗ ಹೋಯಿತು. ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯದ ಹತ್ತನೇ ಇನಿಂಗ್ಸ್‌ನಲ್ಲಿ ಅದೇ ಸ್ಕುಟಾರೊ ಹೊಡೆದ, ಗೆಲುವಿನ ರನ್ ಓಡಿದವನು ತೆರಿಯೊ. ನನಗೆ ಇಶಿಕಾವಾ ಕಥೆಗಿಂತ ಇದೇ ಜಾಸ್ತಿ ಇಷ್ಟ.

ಉತ್ತರ: ಎಲ್ಲರೂ ಹೀರೋ ಆದವರನ್ನೇ ಹೇಳುತ್ತಿದ್ದೀರಿ, ಅಲ್ವಾ? ಬಂದು, ಸ್ಟ್ರೈಕ್ ಔಟ್ ಆಗಿ ಹೋದವರ ಗತಿ ಏನು? ನನ್ನ ಉಪಾಯ ಪೆನ್ಸಿಲ್ ಮತ್ತು ಸ್ಕೋರ್‌ಕಾರ್ಡ್. ಕ್ರಿಕೆಟ್‌ನ ಹನ್ನೆರಡನೆಯವನು ಬಂದು ಫೀಲ್ಡಿಂಗ್ ಮಾಡಿ ಹೋಗುತ್ತಾನೆ, ಇಲ್ಲಿ ಹಾಗಲ್ಲ. ಆಟದಿಂದ ಹೊರಗೆ ಹೋದವನು ಅವತ್ತು ಮತ್ತೆ ಬರುವಂತಿಲ್ಲ. ಹಾಗಾಗಿ ಪ್ರತಿ ಬದಲಾವಣೆಯನ್ನೂ ಆ ಚಿಕ್ಕ ಚೌಕದಲ್ಲಿ ತುರುಕಿ ಬರೆಯಬೇಕು. ಒಂದು ಸಲ ಕೈಯಿಂದ ಬರೆದ ಹೆಸರು ಬೇಗ ಅಳಿಸುವುದಿಲ್ಲ. ಆದರೆ ಹಳೇ ಪಂದ್ಯಗಳ ವಿಡಿಯೊ ಹಾಕಿಕೊಂಡು ಬರೆಯಿರಿ. 2022ರಿಂದ ಜೈಂಟ್ಸ್ ಆಡುವ ನ್ಯಾಷನಲ್ ಲೀಗ್‌ಗೂ ಡೆಸಿಗ್ನೇಟೆಡ್ ಹಿಟ್ಟರ್ (ಪಿಚರ್ ಬದಲು ಬ್ಯಾಟ್ ಮಾಡಲೆಂದೇ ಇರುವವ) ಬಂದ ಮೇಲೆ ಪಿಚರ್ ಬ್ಯಾಟ್ ಹಿಡಿಯುವುದಿಲ್ಲ, ಅವನ ಬದಲು ಪಿಂಚ್ ಹಿಟ್ಟರ್ ಕಳಿಸುವ ಪ್ರಶ್ನೆಯೇ ಇಲ್ಲ. ಬೆಂಚಿನವರು ಕಾಣಿಸುವುದೇ ಕಡಿಮೆಯಾಗಿದೆ. ನನಗಂತೂ ಈ ನಿಯಮ ಇಷ್ಟವಿಲ್ಲ.

ಉತ್ತರ: ಪಿಚರ್ ಯೂಸ್ಮೈರೊ ಪೆಟಿಟ್ ಹೆಸರು ಯಾರೂ ಹೇಳಲಿಲ್ಲವಲ್ಲ! 2014ರಲ್ಲಿ ಸತತ 46 ಬ್ಯಾಟರ್‌ಗಳನ್ನು ಔಟ್ ಮಾಡಿ ದಾಖಲೆ ಮಾಡಿದ. ಅದೇ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ವಿರುದ್ಧ 18 ಇನಿಂಗ್ಸ್ ಪಂದ್ಯದಲ್ಲಿ ಮಧ್ಯೆ ಬಂದು ಆರು ಇನಿಂಗ್ಸ್ ಒಂದೂ ರನ್ ಕೊಡದೆ ಎಸೆದ. ಆಫೀಸಿನಲ್ಲಿ ಮೊದಲು ಈ ಹೆಸರು ಎತ್ತಿ, ಉಳಿದದ್ದನ್ನು ಅವರೇ ಹೇಳುತ್ತಾರೆ.