ಒಬ್ಬನೇ ಹೋದರೆ ಥಾಲಿ ಕೇಳು, ಪುಟ್ಟಾ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಲಂಡನ್ನಿನಲ್ಲಿ ಮಧ್ಯಾಹ್ನ ಒಬ್ಬನೇ ಇಂಡಿಯನ್ ಹೋಟೆಲಿಗೆ ಹೋಗಿ ಕೊರ್ಮಾ ಒಂದು, ಮದ್ರಾಸ್ ಒಂದು ಅಂತ ಎರಡು ಬೌಲ್ ತರಿಸಿದೆ, ಒಂದು ಸಿಹಿ, ಇನ್ನೊಂದು ಖಾರ, ಒಳಗಿನ ರುಚಿ ಮಾತ್ರ ಎರಡಕ್ಕೂ ಒಂದೇ, ಅರ್ಧ ಬಿಟ್ಟು ಎದ್ದೆ, ಮೋಸ ಅಂತ ಬರೆದಿದ್ದೀಯ. ಅದರ ಕೆಳಗೆ ಅತ್ತೆ, ದೊಡ್ಡಮ್ಮ ಎಲ್ಲ "ಪಾಪ, ಒಬ್ಬನೇ ಉಂಡನಂತೆ" ಅಂತ ಅಳುವ ಗೊಂಬೆ ಹಾಕಿದ್ದೇ ಹಾಕಿದ್ದು. ಎರಡಕ್ಕೂ ಸೇರಿಸಿ ಇಲ್ಲೇ ಹೇಳುತ್ತೇನೆ, ಉದ್ದ ಆಗುತ್ತದೆ, ಚಾ ಇಟ್ಟುಕೊಂಡು ಓದಿ.

ಮೊದಲು ಆ ಒಂದೇ ರುಚಿಯ ವಿಷಯ. ಮೋಸ ಅಲ್ಲ ಮಾರಾಯ, ಅಲ್ಲಿನ ಅಡುಗೆಯ ಕ್ರಮವೇ ಹಾಗೆ. ದೊಡ್ಡ ಹಂಡೆಯಲ್ಲಿ ರಾಶಿ ಈರುಳ್ಳಿ, ಸ್ವಲ್ಪ ಶುಂಠಿ, ಬೆಳ್ಳುಳ್ಳಿ, ಟೊಮೇಟೊ, ಅರಿಶಿನ ಹಾಕಿ ಗಂಟೆಗಟ್ಟಲೆ ಬೇಯಿಸಿ, ನುಣ್ಣಗೆ ರುಬ್ಬಿ ಇಟ್ಟಿರುತ್ತಾರೆ. ಬೇಸ್ ಗ್ರೇವಿ ಅಂತಾರೆ ಅದಕ್ಕೆ. ಕೋಳಿಯೂ ಮೊದಲೇ ಬೆಂದಿರುತ್ತದೆ. ಆರ್ಡರ್ ಬಂದ ಮೇಲೆ ಬಾಣಲೆಗೆ ಎಣ್ಣೆ, ಮಸಾಲೆ ಪುಡಿ, ಮೇಲಿಂದ ಆ ಗ್ರೇವಿ, ಜೋರು ಉರಿ, ನಾಲ್ಕೈದು ನಿಮಿಷದಲ್ಲಿ ರೆಡಿ. ಕ್ರೀಮು, ತೆಂಗು, ಸಕ್ಕರೆ ಹೋದರೆ ಕೊರ್ಮಾ. ಖಾರದ ಪುಡಿ ಜಾಸ್ತಿ ಹೋದರೆ ಮದ್ರಾಸ್. ಬೇಳೆ ಸೇರಿದರೆ ಧನ್ಸಾಕ್. ನೀನು ತರಿಸಿದ್ದು ಒಂದೇ ಹಂಡೆಯ ಅಣ್ಣ ತಮ್ಮಂದಿರನ್ನು.

ಇನ್ನೊಂದು, ಬ್ರಿಟನ್ನಿನಲ್ಲಿ ಅಂಥ ಹೋಟೆಲುಗಳನ್ನು ಹೆಚ್ಚಾಗಿ ಕಟ್ಟಿದ್ದು ಸಿಲ್ಹೆಟ್ ಕಡೆಯವರು, ಈಗಿನ ಬಾಂಗ್ಲಾದೇಶ. ಹಡಗಿನಲ್ಲಿ ಕೆಲಸಕ್ಕೆ ಹೋದವರಲ್ಲಿ ಕೆಲವರು ಅಲ್ಲೇ ಇಳಿದು ಒಲೆ ಹಚ್ಚಿದರು. ಅವರು ಮನೆಯಲ್ಲಿ ಉಣ್ಣುವುದೂ ಈ ಕೊರ್ಮಾ ಅಲ್ಲ, ಮೀನು ಅನ್ನವೇ. ಗಿರಾಕಿಗೆ ಏನು ಬೇಕೋ ಅದನ್ನು ಮಾಡಿ ಬದುಕಿದರು, ಇದರಲ್ಲಿ ತಪ್ಪೇನು? ಅವರಿಗೂ ಮೊದಲು, 1810ರಲ್ಲೇ ಪಟ್ನಾದ ದೀನ್ ಮಹಮ್ಮದ್ ಅನ್ನುವವರು ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದಿದ್ದರು. ಎರಡೇ ವರ್ಷಕ್ಕೆ ದಿವಾಳಿ, ಪಾಪ. ಅಳುವ ಗೊಂಬೆ ಅವರಿಗೆ ಹಾಕಿ ಬೇಕಾದರೆ.

ಈಗ ಅತ್ತೆಗೆ. ಒಬ್ಬನೇ ಉಣ್ಣುವುದರಲ್ಲಿ ಪಾಪ ಏನು ಬಂತು? ಕಾರವಾರದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಮೀನೂಟದ ಹೋಟೆಲಿಗೆ ಮಧ್ಯಾಹ್ನ ಒಂದೂವರೆಗೆ ಬಂದು ನೋಡಿ. ಡಿಸಿ ಆಫೀಸು, ಕೋರ್ಟು ಅಂತ ಹಳಿಯಾಳ, ಮುಂಡಗೋಡ, ಜೋಯಿಡಾದಿಂದ ಬೆಳಗಿನ ಬಸ್ಸಿಗೆ ಬಂದವರು, ಕಂಕುಳಲ್ಲಿ ಫೈಲು, ಒಬ್ಬೊಬ್ಬರೇ ಕೂತಿರುತ್ತಾರೆ. ನಾನೂ ಆಫೀಸಿನಿಂದ ಅಲ್ಲಿಗೇ ಹೋಗುವುದು, ಒಬ್ಬಳೇ. ಎದುರು ಕೂತವರ ಗುರುತು ಇರುವುದಿಲ್ಲ. "ಇವತ್ತು ಬಂಗಡೆ ತಾಜಾ ಇದೆ" ಅಂತ ಒಂದು ಮಾತು, ಆಮೇಲೆ ಇಬ್ಬರೂ ತಲೆ ತಗ್ಗಿಸಿ ಮುಳ್ಳು ಬಿಡಿಸುವುದೇ.

ನಮ್ಮ ಥಾಲಿ ಇರುವುದೇ ಒಬ್ಬರಿಗೆ. ಅನ್ನ, ಮೀನಿನ ಸಾರು, ಒಂದು ಸುಕ್ಕ, ರವೆ ಹಚ್ಚಿ ಹುರಿದ ತುಂಡು, ಕುಡಿಯಲು ಕೋಕಂ, ತೆಂಗಿನ ಹಾಲಿನ ಸೋಲ್ ಕಡಿ. ಎಲ್ಲ ಸ್ವಲ್ಪ ಸ್ವಲ್ಪ, ಒಂದರ ಹಾಗೆ ಒಂದಿಲ್ಲ. ಆ ಬಂಗಡೆ ಸಾರನ್ನೇ ತಗೋ, ಕಾಯಿ, ಬ್ಯಾಡಗಿ ಮೆಣಸು, ಹುಳಿ ರುಬ್ಬಿದ್ದು ಬಿಟ್ಟರೆ ಮತ್ತೆ ಬೇರೆ ಮಸಾಲೆ ಇಲ್ಲ. ಒಗ್ಗರಣೆಯೂ ಇಲ್ಲ. ಕೊನೆಗೆ ನಾಲ್ಕು ಜುಮ್ಮನಕಾಯಿ, ಕಾಳುಮೆಣಸಿನಂಥ ಸಣ್ಣ ಘಾಟು ಕಾಯಿ. ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆಯನ್ನು ಮಾತ್ರ ಕಲ್ಲಿನಲ್ಲಿ ಒಮ್ಮೆ ಜಜ್ಜಿ, ಕುದಿಯುವ ಸಾರಿಗೆ ಬಿಟ್ಟು, ಮೇಲೆ ಹಸಿ ತೆಂಗಿನೆಣ್ಣೆ ಸುರಿದು ಮುಚ್ಚಿಡುವುದು. ಉಣ್ಣುವಾಗ ನಾಲಿಗೆ ತುದಿ ಜುಂ ಅನ್ನುತ್ತದಲ್ಲ, ಅದು ಈ ಕಾಯಿಯದ್ದೇ. ಜೂನ್, ಜುಲೈ ಮೀನು ಹಿಡಿಯುವ ಬೋಟ್ ಬಂದ್ ಇದ್ದಾಗ ಮಾತ್ರ ತಟ್ಟೆ ಸ್ವಲ್ಪ ಸಪ್ಪೆ, ಇಲ್ಲಿನ ಬೈತಖೋಲ ಬಂದರಿನಲ್ಲಿ ಬೋಟುಗಳು ಕಟ್ಟಿಕೊಂಡೇ ನಿಂತಿರುತ್ತವೆ. ಒಣಮೀನಿನ ಚಟ್ನಿಯಲ್ಲೇ ದಿನ ದೂಡುತ್ತೇವೆ.

ನೀನು ಹೋದಂಥ ಹೋಟೆಲಿನ ಬೌಲುಗಳು ನಾಲ್ಕು ಜನ ಕೂತು ಹಂಚಿಕೊಂಡು ಉಂಡರೇ ಚೆಂದ ಪುಟ್ಟಾ. ಒಬ್ಬನೇ ಕೂತು ಎರಡು ಬೌಲ್ ಗ್ರೇವಿ ಮುಗಿಸಲು ಭೀಮನಿಂದಲೂ ಆಗುವುದಿಲ್ಲ, ದುಡ್ಡೂ ದಂಡ. ಹಾಗಾಗಿ ಒಬ್ಬನೇ ಇದ್ದ ದಿನ ಥಾಲಿ ಇರುವ ಕಡೆಗೇ ಹೋಗು. ಈಸ್ಟ್ ಹ್ಯಾಮ್, ಟೂಟಿಂಗ್ ಕಡೆ ಕೇರಳದವರ, ತಮಿಳರ ಹೋಟೆಲುಗಳಿವೆ, ಅಲ್ಲಿ ಮೀಲ್ಸ್ ಸಿಗುತ್ತದೆ. ಕೇರಳದವರ ಮೀನಿನ ಸಾರು ನಮ್ಮದಲ್ಲ, ಹುಳಿ ಬೇರೆ, ಆದರೂ ಉಣ್ಣಬಹುದು, ಮುಖ ಸೊಟ್ಟ ಮಾಡಬೇಡ. ಆಫೀಸಿನ ಹತ್ತಿರದ ಹೋಟೆಲೇ ಗತಿ ಅಂತಾದರೆ ಗ್ರೇವಿ ಒಂದೇ ಹೇಳು, ಜೊತೆಗೆ ತಂದೂರಿಯದ್ದು ಏನಾದರೂ ಒಣದು. ಇನ್ನೂ ಧೈರ್ಯ ಇದ್ದರೆ ಬಡಿಸುವವನನ್ನೇ ಕೇಳು, "ಇವತ್ತು ನೀವು ಒಳಗೆ ಏನು ಉಂಡಿರಿ?" ಅಂತ. ಸ್ಟಾಫಿಗೆ ಅಂತ ಬೇರೆ ಸಾರು ಮಾಡಿಕೊಳ್ಳುವ ಕಡೆ ಅದು ಮೆನು ಕಾರ್ಡಿನಲ್ಲಿ ಇರುವುದಿಲ್ಲ, ಕೇಳಿದವರಿಗೆ ಕೆಲವೊಮ್ಮೆ ಸಿಗುತ್ತದೆ.

ದೊಡ್ಡಮ್ಮಾ, ಹೋದ ಮಳೆಗಾಲದ ಜುಮ್ಮನಕಾಯಿ ಒಣಗಿಸಿದ್ದು ಡಬ್ಬಿಯಲ್ಲಿ ಉಳಿದಿದ್ದರೆ ತೆಗೆದಿಡಿ, ಅವನು ರಜೆಗೆ ಬಂದಾಗ ಬ್ಯಾಗಿಗೆ ಹಾಕಲು ಆಗುತ್ತದೆ. ಬೀಜ ತೆಗೆದೇ ಕೊಡಿ, ಅವನು ಅಷ್ಟೆಲ್ಲ ಬಿಡಿಸುತ್ತಾ ಕೂರುವವನಲ್ಲ.