ಮಾತ್ರೆ ಬದಲಾಯಿತು, ಎಂಜಿ ಕಮ್ಮಿ ಆಯಿತು. ಡೋಸ್ ಇಳಿಸಿಬಿಟ್ಟರಾ?

ಆಲೆಮನೆ_ಮಂಡ್ಯ:

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ನನಗೆ 46 ವರ್ಷ.

ಎರಡು ವರ್ಷದ ಹಿಂದೆ ಒಂದು ರಾತ್ರಿ ಕೊಪ್ಪರಿಗೆ ಮುಂದೆ ನಿಂತಿದ್ದೆ. ಇದ್ದಕ್ಕಿದ್ದ ಹಾಗೆ ಎದೆ ಡಬಡಬ ಹೊಡೆದುಕೊಂಡಿತು, ಕೈಕಾಲು ತಣ್ಣಗಾಯಿತು, ಇವತ್ತಿಗೆ ಮುಗೀತು ಅಂದುಕೊಂಡೆ. ರಾತ್ರೋರಾತ್ರಿ ಮೈಸೂರಿಗೆ ಕರೆದುಕೊಂಡು ಹೋದರು. ಇಸಿಜಿ, ಎಕೋ ಎಲ್ಲಾ ನಾರ್ಮಲ್. ಹಾರ್ಟ್ ಚೆನ್ನಾಗಿದೆ, ಇದು ಆತಂಕ ಅಂದರು. ಆಮೇಲೆ ಇಲ್ಲೇ ಹತ್ತಿರದ ಡಾಕ್ಟರ್ ಒಬ್ಬರು ಅಲ್ಪ್ರಜೋಲಾಂ ಬರೆದುಕೊಟ್ಟರು. ಮೊದಲು 0.25, ಆಮೇಲೆ 0.5, ಬೆಳಿಗ್ಗೆ ಒಂದು ರಾತ್ರಿ ಒಂದು. ಹದಿನೈದು ದಿನಕ್ಕೆ ಅಂತ ಶುರುವಾಗಿದ್ದು ಎರಡು ವರ್ಷ ಆಗಿದೆ. ಹಳೇ ಚೀಟಿ ತೋರಿಸಿದರೆ ಮೆಡಿಕಲ್ ಸ್ಟೋರಿನಲ್ಲಿ ಕೊಡುತ್ತಿದ್ದರು. ತಿಂಗಳಿಗೆ ಹತ್ತು ಮಾತ್ರೆಯ ಎಂಟು ಸ್ಟ್ರಿಪ್ ತರುತ್ತಿದ್ದೆ.

ಹೋದ ವಾರ ಹೆಂಡತಿ ಹಟ ಹಿಡಿದಳು ಅಂತ ಮೈಸೂರಿನಲ್ಲಿ ಮನೋವೈದ್ಯರ ಹತ್ತಿರ ಹೋದೆ. ಅವರು ಮಾತ್ರೆ ಬದಲಾಯಿಸಿದರು. ಕ್ಲೋನಜೆಪಾಂ ಬೆಳಿಗ್ಗೆ 0.25, ರಾತ್ರಿ 0.5. ಮೊದಲ ನಾಲ್ಕು ದಿನ ಬೆಳಿಗ್ಗೆ ಹಳೇದು, ರಾತ್ರಿ ಹೊಸದು. ಆಮೇಲೆ ಎರಡು ಹೊತ್ತೂ ಹೊಸದು. ಜೊತೆಗೆ ಎಸಿಟಲೋಪ್ರಾಂ 5.

ನನ್ನ ಲೆಕ್ಕ ಇಷ್ಟೇ. ಮೊದಲು ದಿನಕ್ಕೆ 1 ಎಂಜಿ ಇತ್ತು, ಈಗ 0.75. ಕ್ವಿಂಟಲ್ ಬೆಲ್ಲದಲ್ಲಿ ಇಪ್ಪತ್ತೈದು ಕೆಜಿ ತೂಕ ಹೊಡೆದ ಹಾಗೆ ಆಯಿತಲ್ವಾ? ಬಾಮೈದನ ಮಗಳು ಮೊಬೈಲಲ್ಲಿ ಎರಡು ಪಟ್ಟಿ ಹುಡುಕಿಕೊಟ್ಟಳು. ಒಂದರಲ್ಲಿ ಎರಡೂ ಮಾತ್ರೆ ಸಮಸಮ ಅಂತಿದೆ. ಇನ್ನೊಂದರಲ್ಲಿ ಹೊಸದು ಅರ್ಧ ಸಾಕು ಅಂತಿದೆ. ಒಂದರ ಪ್ರಕಾರ ನನಗೆ ಕಮ್ಮಿ ಕೊಟ್ಟಿದ್ದಾರೆ, ಇನ್ನೊಂದರ ಪ್ರಕಾರ ಜಾಸ್ತಿ ಕೊಟ್ಟಿದ್ದಾರೆ!

ಇವತ್ತು ಆರನೇ ದಿನ. ನಿದ್ದೆ ಬರುತ್ತಿದೆ. ಬೆಳಿಗ್ಗೆ ತಲೆ ಭಾರ. ಆದರೆ ಸಾಯಂಕಾಲ ನಾಲ್ಕು ಗಂಟೆಗೆ ಸರಿಯಾಗಿ ಎದೆ ಹಿಡಿದ ಹಾಗೆ ಆಗುತ್ತೆ, ಬೆರಳು ಸಣ್ಣಗೆ ನಡುಗುತ್ತೆ. ಗಲ್ಲಾಪೆಟ್ಟಿಗೆಯಲ್ಲಿ ಹಳೇ ಮಾತ್ರೆ ಹನ್ನೆರಡು ಉಳಿದಿವೆ. ನಾಲ್ಕು ಗಂಟೆಗೆ ಅದರಲ್ಲಿ ಅರ್ಧ ಮುರಿದು ಹಾಕಿಕೊಂಡರೆ ತೂಕ ಸರಿಹೋಗುತ್ತಾ?

ಕೌಂಟರ್_ಹಿಂದಿನವನು:

ಅಣ್ಣ, ಮೊದಲು ಆ ಅರ್ಧ ಮಾತ್ರೆ ಬೇಡ. ಕಾರಣ ಹೇಳ್ತೀನಿ.

ಮೈಸೂರಿನಲ್ಲಿ ಮೆಡಿಕಲ್ ಶಾಪ್ ನನ್ನದು, ಸರಸ್ವತಿಪುರಂ ಕಡೆ. ದಿನಕ್ಕೆ ಒಬ್ಬರಾದರೂ ಕೇಳುವ ಪ್ರಶ್ನೆ ಇದು. ಎಂಜಿ ಅನ್ನೋದು ಮಾತ್ರೆಯೊಳಗಿನ ಮದ್ದಿನ ತೂಕ, ಅದರ ಖಾರ ಅಲ್ಲ. ಒಂದು ಬ್ಯಾಡಗಿ ಮೆಣಸಿನಕಾಯಿಯೂ ಒಂದು ಗುಂಟೂರು ಮೆಣಸಿನಕಾಯಿಯೂ ಒಂದೇ ತೂಕ ಇರಬಹುದು. ಸಾರಿಗೆ ಹಾಕಿ ನೋಡಿ!

ನಿಮ್ಮ ಹಳೇದು, ಹೊಸದು ಎರಡೂ ಬೆಂಜೋಡಯಾಜೆಪೀನ್ ಅನ್ನೋ ಒಂದೇ ಜಾತಿ. ಈ ಜಾತಿಯ ಮಾತ್ರೆಗಳನ್ನು ಅದೇ ಜಾತಿಯ ಡಯಾಜೆಪಾಂ ಲೆಕ್ಕದಲ್ಲಿ ತೂಗುವುದು ರೂಢಿ. ಬ್ರಿಟನ್ ಕಡೆ ಬಳಸುವ ಪಟ್ಟಿಯಲ್ಲಿ ಡಯಾಜೆಪಾಂ 10 ಮಾಡುವ ಕೆಲಸಕ್ಕೆ ಅಲ್ಪ್ರಜೋಲಾಂ 0.5, ಕ್ಲೋನಜೆಪಾಂ 0.5, ಲೊರಜೆಪಾಂ 1 ಸಾಕು. ಬೇರೆ ಪಟ್ಟಿಗಳಲ್ಲಿ ಅಲ್ಪ್ರಜೋಲಾಂನ ಅರ್ಧದಷ್ಟು ಕ್ಲೋನಜೆಪಾಂ ಸಾಕು ಅಂತ ಇರುತ್ತೆ. ನಿಮ್ಮ ಹುಡುಗಿ ತೋರಿಸಿದ ಎರಡೂ ಸುಳ್ಳಲ್ಲ. ಇವೆಲ್ಲ ಅಂದಾಜಿನ ಪಟ್ಟಿ, ಒಂದಕ್ಕೊಂದು ಎರಡು ಪಟ್ಟು ವ್ಯತ್ಯಾಸ ಇರೋದೂ ಉಂಟು. ನಿಮ್ಮ ಡಾಕ್ಟರ್ ಎರಡರ ನಡುವೆ ಕೈಯಿಟ್ಟಿದ್ದಾರೆ ಅಂತ ನನಗೆ ಅನಿಸುತ್ತೆ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ಒಂದು ರಾತ್ರಿ ಒಂದು ಅಂದರೆ ತಿಂಗಳಿಗೆ 60 ಮಾತ್ರೆ, ಆರು ಸ್ಟ್ರಿಪ್. ನೀವು ಎಂಟು ಸ್ಟ್ರಿಪ್ ಅಂತ ಬರೆದಿದ್ದೀರಿ. ಮಿಕ್ಕ 20 ಮಾತ್ರೆ ಎಲ್ಲಿ ಹೋಯಿತು?

(ಹಳೇ ಚೀಟಿಗೆ ಎರಡು ವರ್ಷ ಕೊಟ್ಟ ಅಂಗಡಿಯವರ ಬಗ್ಗೆ ಏನು ಹೇಳಲಿ. ಅಲ್ಪ್ರಜೋಲಾಂ ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಮದ್ದುಗಳ ಬಿಗಿ ಪಟ್ಟಿಯಲ್ಲಿ. 2014ರಿಂದ ಇದನ್ನು ಮಾರಿದರೆ ರೋಗಿ ಹೆಸರು, ಡಾಕ್ಟರ್ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಾವೂ ಬೈಸಿಕೊಂಡೇ ಬರೆಯುತ್ತೀವಿ.)

ಕುವೆಂಪುನಗರ_ಮೇಷ್ಟ್ರು:

ನನ್ನದು ಉಲ್ಟಾ ಕಥೆ, ಆದರೆ ನಿಮಗೆ ಉಪಯೋಗಕ್ಕೆ ಬರಬಹುದು.

ನಾಲ್ಕು ವರ್ಷ ರಾತ್ರಿ ಲೊರಜೆಪಾಂ 2 ತಗೊಂಡೆ. ಡಾಕ್ಟರ್ ಎಸಿಟಲೋಪ್ರಾಂ ಶುರು ಮಾಡಿದಾಗ ನಾನು 'ಓಹೋ, ಇದು ಅದರ ಬದಲಿಗೆ' ಅಂತ ತಿಳಿದು ಲೊರಜೆಪಾಂ ಅವತ್ತೇ ಬಿಟ್ಟೆ. ಚೀಟಿ ಪೂರ್ತಿ ಓದಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ 'ಪ್ರಶ್ನೆ ಪೂರ್ತಿ ಓದಿ' ಅಂದವನು ನಾನೇ. ಎಸಿಟಲೋಪ್ರಾಂ ಬೇರೆ ಜಾತಿ, ಖಿನ್ನತೆಗೂ ಆತಂಕಕ್ಕೂ ಕೊಡುವ ಮಾತ್ರೆ. ಕೆಲಸ ತೋರಿಸೋಕೆ ಎರಡರಿಂದ ನಾಲ್ಕು ವಾರ ಬೇಕು, ಮೊದಮೊದಲು ತಳಮಳ ಸ್ವಲ್ಪ ಜಾಸ್ತಿ ಮಾಡೋದೂ ಉಂಟು. ಲೊರಜೆಪಾಂ ಬಿಟ್ಟ ಜಾಗವನ್ನು ಅದು ತುಂಬೋದಿಲ್ಲ.

ಮೂರನೇ ದಿನ ಕುಕ್ಕರ್ ವಿಷಲ್ ಹೊಡೆದರೆ ಯಾರೋ ಕೆನ್ನೆಗೆ ಬಾರಿಸಿದ ಹಾಗೆ. ಕಾಫಿ ಲೋಟ ಹಿಡಿದರೆ ಪಂಚೆ ತುಂಬಾ ಕಾಫಿ. ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ನಾಲ್ಕನೇ ದಿನ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದೆ. ಹಣೆಗೆ ಆರು ಹೊಲಿಗೆ. ಆಸ್ಪತ್ರೆಯಲ್ಲಿ ಡಯಾಜೆಪಾಂಗೆ ಬದಲಾಯಿಸಿ, ಅದನ್ನು ಎಂಟು ತಿಂಗಳು ಹಿಡಿದು ಇಳಿಸಿದರು. ಕೊನೆಯ 2 ಎಂಜಿ ಮಾತ್ರೆ ಬಿಡೋಕೆ ಆದಷ್ಟು ಕಷ್ಟ ಮೊದಲ 10 ಇಳಿಸುವಾಗ ಆಗಲಿಲ್ಲ.

ಆ ಮೆಡಿಕಲ್ ಶಾಪಿನವರು ಕೇಳಿದ್ದಕ್ಕೆ ಉತ್ತರ ಕೊಡಿ.

ನೈಟ್_ಡ್ಯೂಟಿ_ಸಿಸ್ಟರ್:

ಅಣ್ಣ, ನಾನು ಡಾಕ್ಟರ್ ಅಲ್ಲ. ಮೈಸೂರಿನಲ್ಲಿ ಮನೋರೋಗ ವಾರ್ಡಿನಲ್ಲಿ ನರ್ಸ್. ನಿಮ್ಮ ಡೋಸ್ ಇಷ್ಟಾಗಬೇಕು ಅಂತ ಯಾರೂ ಇಲ್ಲಿ ಕೂತು ಹೇಳೋಕಾಗಲ್ಲ. ಆದರೆ ನಾಲ್ಕು ಗಂಟೆ ವಿಷಯ ಹೇಳಬಹುದು.

ನಿಮ್ಮ ಆಲೆಮನೆ ಲೆಕ್ಕದಲ್ಲೇ ನೋಡಿ. ಅಲ್ಪ್ರಜೋಲಾಂ ಒಲೆಗೆ ಹಾಕಿದ ಒಣ ಕಬ್ಬಿನ ಸಿಪ್ಪೆ. ಧಗ್ ಅಂತ ಹತ್ತುತ್ತೆ, ಬೇಗ ಆರುತ್ತೆ. ರಕ್ತದಲ್ಲಿ ಅರ್ಧ ಆಗೋಕೆ ಸುಮಾರು 11 ಗಂಟೆ. ಕ್ಲೋನಜೆಪಾಂ ಹುಣಸೆ ಕೊರಡು. ಅರ್ಧ ಆಗೋಕೆ 30ರಿಂದ 40 ಗಂಟೆ. ಇವತ್ತಿನದು ಪೂರ್ತಿ ಆರುವ ಮೊದಲೇ ನಾಳೆಯದು ಬೀಳುತ್ತೆ, ಕೆಂಡ ಸೇರುತ್ತಾ ಹೋಗುತ್ತೆ. ಅದು ಒಂದು ಮಟ್ಟಕ್ಕೆ ನಿಲ್ಲೋಕೆ ಒಂದು ವಾರ ಬೇಕು. ನೀವು ಎರಡು ಹೊತ್ತೂ ಹೊಸದು ತಗೊಳ್ಳೋಕೆ ಶುರು ಮಾಡಿ ಎರಡೇ ದಿನ ಆಗಿದೆ. ಈಗ ಕಮ್ಮಿ ಅನಿಸ್ತು ಅಂತ ಮೇಲೆ ಹಾಕಿದರೆ ಹತ್ತನೇ ದಿನ ಎರಡೂ ಸೇರಿ ತೂಕಡಿಸ್ತೀರಿ. ಗಾಣಕ್ಕೆ ಕಬ್ಬು ಕೊಡೋರು ನೀವೇನಾ? ನನಗೆ ಅದೇ ಭಯ.

ನಾಲ್ಕು ಗಂಟೆ ನಡುಕ ಹಳೇ ಮಾತ್ರೆ ಇಳಿದಿದ್ದಕ್ಕಿರಬಹುದು, ಎಸಿಟಲೋಪ್ರಾಂನಿಂದ ಇರಬಹುದು, ನಿಜವಾಗಿಯೂ ಡೋಸ್ ಸಾಲದೇ ಇರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಒಂದು ಹಾಳೆಯಲ್ಲಿ ಮಾತ್ರೆ ತಗೊಂಡ ಹೊತ್ತು, ನಡುಕ ಬಂದ ಹೊತ್ತು, ನಿದ್ದೆ, ಇಷ್ಟು ಬರೆದು ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ. ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಡುಕ ಜೋರಾದರೆ, ಬೆವರು ಸುರಿದರೆ, ಗೊಂದಲ ಆದರೆ ಯಾವ ಫೋನೂ ಬೇಡ, ಸೀದಾ ಎಮರ್ಜೆನ್ಸಿಗೆ ಹೋಗಿ.

ಎಣ್ಣೆ ಹಾಕ್ತೀರಾ? ಹಾಕೋದಾದರೆ ಅದನ್ನೂ ಹೇಳಿ. ಈ ಮಾತ್ರೆ ಜೊತೆ ಅದು ಸೇರಿದರೆ ಉಸಿರಿಗೇ ತೊಂದರೆ.

ಆಲೆಮನೆ_ಮಂಡ್ಯ:

ಎಣ್ಣೆ ಇಲ್ಲ ತಾಯಿ, ಮನೆ ದೇವರಾಣೆ.

ಆ 20 ಮಾತ್ರೆ ವಿಷಯ. ರಾತ್ರಿಯೆಲ್ಲಾ ಗಾಣ ಓಡಿದ ದಿನ, ಮಂಡಿಯಲ್ಲಿ ರೇಟ್ ಬಿದ್ದ ದಿನ, ಮಧ್ಯಾಹ್ನ ಊಟ ಆದಮೇಲೆ ಒಂದು ಹಾಕಿಕೊಳ್ಳುತ್ತಿದ್ದೆ. ವಾರದಲ್ಲಿ ನಾಲ್ಕೈದು ದಿನ. ಡಾಕ್ಟರ್ ಕೇಳಿದಾಗ ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಬೆಳಿಗ್ಗೆ ಒಂದು ರಾತ್ರಿ ಒಂದು ಅಂದುಬಿಟ್ಟೆ.

ಕೌಂಟರ್_ಹಿಂದಿನವನು:

ನೋಡಿ, ತಪ್ಪಿದ್ದು ಅಲ್ಲಿ. ಅವರು 1 ಎಂಜಿ ಅಂತ ಲೆಕ್ಕ ಹಾಕಿದರು. ನೀವು ತಗೊಳ್ತಾ ಇದ್ದಿದ್ದು ಎಷ್ಟೋ ದಿನ 1.5. ಬೇಜಾರು ಬೇಡ, ನಮ್ಮ ಕೌಂಟರಿನಲ್ಲೂ ಇದೇ. ಹೆಂಡತಿ ಪಕ್ಕದಲ್ಲಿದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಇನ್ನೊಂದು ಲೆಕ್ಕ.

ಆಲೆಮನೆ_ಮಂಡ್ಯ (ಮೂರು ದಿನದ ಮೇಲೆ):

ಮರುದಿನವೇ ಫೋನ್ ಮಾಡಿದೆ. ಬಾ ಅಂದರು, ಹೋದೆ. ಹೆಂಡತಿಯನ್ನು ಹೊರಗೆ ಕೂರಿಸಿ ಮೊದಲು ಸ್ಟ್ರಿಪ್ ಲೆಕ್ಕ ಹೇಳಿದೆ. ಆಮೇಲೆ ಅವಳನ್ನೂ ಕರೆದು ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತಂತೆ. ನನ್ನ ಷರ್ಟ್ ಜೇಬಿನಲ್ಲಿ ಖಾಲಿ ಸ್ಟ್ರಿಪ್ ಸಿಗುತ್ತಿತ್ತಲ್ಲ, ಒಗೆಯೋಳು ಅವಳು.

ಡಾಕ್ಟರ್ ಬೈಯಲಿಲ್ಲ. ಕೈ ಚಾಚಿಸಿ ನಡುಕ ನೋಡಿದರು, ಬಿಪಿ ನೋಡಿದರು, ನನ್ನ ಹಾಳೆ ಓದಿದರು. 'ಪಟ್ಟಿ ನೋಡಿ ಶುರು ಮಾಡ್ತೀವಿ, ಆಮೇಲೆ ನಿಮ್ಮನ್ನ ನೋಡಿ ಸರಿ ಮಾಡ್ತೀವಿ' ಅಂದರು. ಡೋಸ್ ಬದಲಾಯಿಸಿದ್ದಾರೆ. ಎಷ್ಟು ಅಂತ ಇಲ್ಲಿ ಬರೆಯಲ್ಲ, ನನ್ನ ಹಾಗೆ ಇನ್ಯಾರೋ ಅದನ್ನೇ ನಕಲು ಮಾಡ್ತಾರೆ. ಮೊದಲು ಒಂದು ಮಟ್ಟಕ್ಕೆ ನಿಲ್ಲಲಿ, ಆಮೇಲೆ ಎರಡು ಮೂರು ವಾರಕ್ಕೊಮ್ಮೆ ನೂರಕ್ಕೆ ಐದೋ ಹತ್ತೋ ಪಾಲು ಇಳಿಸೋಣ ಅಂದಿದ್ದಾರೆ. ಅವಸರ ಇಲ್ಲವಂತೆ.

ಹಳೇ ಹನ್ನೆರಡು ಮಾತ್ರೆ ಅವರ ಮೇಜಿನ ಮೇಲೆ ಇಟ್ಟೆ. ಎಣಿಸಿದರು. ಹನ್ನೊಂದೂವರೆ ಇತ್ತು.

ಇಲ್ಲಿ ಕೇಳಿದ ದಿನವೇ ಸಾಯಂಕಾಲ ಅರ್ಧ ಹಾಕಿಕೊಂಡಿದ್ದೆ, ನಿಮ್ಮ ಉತ್ತರ ಬರುವ ಮೊದಲು. ಅದನ್ನೂ ಹೇಳಿದೆ.

ಗಾಣದ ಹತ್ತಿರ ಈಗ ಬಾಮೈದ ನಿಂತಿದ್ದಾನೆ, ಡಾಕ್ಟರ್ ಹೇಳುವ ತನಕ. ನಾನು ಪಾಕದ ಹದ ನೋಡ್ತಾ, ಅಚ್ಚು ಎಣಿಸ್ತಾ ಕೂತಿದ್ದೀನಿ. ನಿನ್ನೆ ನಾಲ್ಕು ಗಂಟೆಗೆ ನಡುಕ ಬಂತು, ಆದರೆ ಹತ್ತೇ ನಿಮಿಷ.